ಗೊಣಗನ ಓಟ

ಮಾರ್ಚ್ ೧೧

ತಮ್ಮಾ,

ನಿನ್ನನ್ನು ದೊಡ್ಡ ಜೈಲಿಗೆ ಸಾಗಿಸಿದರೆಂದು ವಕೀಲರು ಹೇಳಿದರು. ವಿಳಾಸ ಕೊಟ್ಟಿದ್ದೂ ಅವರೇ. ಹೊದೆಯಲು ಏನಾದರೂ ಕೊಟ್ಟಿದ್ದಾರೆಯೇ? ಬೆನ್ನುನೋವು ಹೇಗಿದೆ? ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂತು ಕೂತು ಹಾಳಾದ ಬೆನ್ನು, ಅಲ್ಲಿಯ ನೆಲದ ಮೇಲೆ ಏನಾಗಿದೆಯೋ. ನಾನು ದೇವರ ದಯೆಯಿಂದ ಎದ್ದು ಓಡಾಡಿಕೊಂಡಿದ್ದೇನೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಈಗ ನನ್ನನ್ನು ಇಸ್ತ್ರಿಗೆ ಹಾಕಿದ್ದಾರೆ. ದಿನವಿಡೀ ಬಿಳಿ ಹಾಸು, ಬಿಳಿ ಹಾಸು. ಕಣ್ಣು ಮುಚ್ಚಿದರೂ ಬಿಳಿ.

ನೀನು ಕೇಳಿಕೊಂಡಂತೆ ನನ್ನ ಕೋಣೆ ಬಿಟ್ಟು ನಿನ್ನ ಮನೆಗೇ ಬಂದು ಇದ್ದೇನೆ. ನಾಯಿಗಳ ಜೊತೆ ಒಂದೇ ಸೂರಿನಡಿ ಮಲಗುತ್ತೇನೆಂದು ಕನಸಲ್ಲೂ ಎಣಿಸಿರಲಿಲ್ಲ. ದೇವರ ಪಟವನ್ನು ಎತ್ತರದ ಗೂಡಿನಲ್ಲಿಟ್ಟಿದ್ದೇನೆ, ಅಲ್ಲಿಗೆ ಇವುಗಳ ಮೂತಿ ತಾಕುವುದಿಲ್ಲ. ಚಿಟಿಕೆ ನನ್ನ ಚಪ್ಪಲಿಯ ಮೇಲೇ ಮಲಗುತ್ತಾಳೆ. ಅಂಗೈಯಗಲದ ನಾಯಿ, ಮೈಯೆಲ್ಲ ಕಿವಿ. ಗೊಣಗನಿಗೆ ನೀನು ಇಟ್ಟ ಹೆಸರು ಸರಿಯಾಗಿದೆ. ಊಟ ಹಾಕಿದರೂ ಗೊಣಗುತ್ತಾನೆ, ಹಾಕದಿದ್ದರೂ ಗೊಣಗುತ್ತಾನೆ. ಅಪ್ಪನೇ ನಾಲ್ಕು ಕಾಲು ಕಟ್ಟಿಕೊಂಡು ವಾಪಸ್ ಬಂದ ಹಾಗಿದೆ.

ಹಿತ್ತಲ ತುಂಬ ನಿನ್ನ ಸಾಮಾನು. ಹಾರಿಸುವ ಅಡ್ಡಕೋಲುಗಳು, ಬಟ್ಟೆಯ ಸುರಂಗ, ನೆಟ್ಟ ಕಂಬಗಳ ಸಾಲು, ಗೋಡೆ ಪಕ್ಕದಲ್ಲಿ ಏರಿ ಇಳಿಯುವ ಮರದ ಸೇತುವೆ. ಕಾಲಿಡಲು ಜಾಗವಿಲ್ಲ. ಎಲ್ಲವನ್ನೂ ಒಂದು ಮೂಲೆಗೆ ಒಟ್ಟಿಬಿಡಲೇ?

ವಕೀಲರು ಹೇಳಿದ್ದು ಇಷ್ಟು. ಶಿಕ್ಷೆ ಕಡಿಮೆ ಮಾಡಿಸುವ ನಿನ್ನ ಅರ್ಜಿ ಈ ವರ್ಷವೇ ಮಂಡಳಿಯ ಮುಂದೆ ಬರುತ್ತದಂತೆ. ಮನೆಯವರೊಬ್ಬರು ಪ್ರಮಾಣ ಮಾಡಿ ಮಾತಾಡಬೇಕಂತೆ. "ಸಾಕಿ ಬೆಳೆಸಿದೋರು ನೀವು, ನಿಮ್ಮ ಮಾತಿಗೆ ತೂಕ ಇದೆಯಮ್ಮ" ಎಂದರು. ನಾನು ಹೇಳುವುದು ಒಂದೇ ಮಾತು. ಬ್ರೇಕ್ ಕೆಟ್ಟಿದ್ದು ನನ್ನ ತಮ್ಮನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಆ ಬಸ್ಸನ್ನು ಹತ್ತುತ್ತಲೇ ಇರಲಿಲ್ಲ.

ಟೈಲರನ ಹೆಂಡತಿಗೂ ಇದನ್ನೇ ಹೇಳಿ ಬಂದೆ. ಆ ದಿನ ಬಸ್ಸು ನುಗ್ಗಿದಾಗ ನಿಲ್ದಾಣದಲ್ಲಿ ನಿಂತಿದ್ದ ಗಂಡ, ಮಗಳು ಇಬ್ಬರೂ ಹೋದರು, ಇವಳೊಬ್ಬಳು ಉಳಿದಳು. ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ. ಅವಳ ಮುಂದೆ ನಿಲ್ಲಲು ನನಗೆ ಮುಖವಿರಲಿಲ್ಲ. ಆದರೂ ಹೋಗಿ, ದೇವರ ಮೇಲೆ ಆಣೆ ಇಟ್ಟು ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, "ನೀವು ಹೇಳಿದ್ರಲ್ಲ ಅಕ್ಕ, ಸಾಕು" ಎಂದಳು.

ಧೈರ್ಯವಾಗಿರು.

ನಿನ್ನ ಅಕ್ಕ


ಮಾರ್ಚ್ ೩೦

ಅಕ್ಕ,

ಕಂಬಳಿ ಇದೆ, ಬೆನ್ನೂ ಇದೆ. ಎರಡೂ ಹಳೆಯವು.

ಸಾಮಾನು ಮುಟ್ಟಬೇಡ! ಒಂದನ್ನೂ ಒಂದು ಗೇಣು ಕೂಡ ಜರುಗಿಸಬೇಡ. ನಾನು ಎಲ್ಲಿ ಇಟ್ಟಿದ್ದೇನೋ ಅಲ್ಲೇ ಇರಲಿ. ಗೊಣಗ ಹಟಮಾರಿ, ಜಾಗ ಬದಲಾದರೆ ಮುನಿಸಿಕೊಳ್ಳುತ್ತಾನೆ.

ನಿನಗೊಂದು ಕೆಲಸ ಕೊಡುತ್ತೇನೆ, ಬೈಯಬೇಡ. ದಿನಾ ಬೆಳಿಗ್ಗೆ ಅವುಗಳನ್ನು ಓಡಿಸಬೇಕು. ಅಡೆತಡೆ ಓಟವೆಂದರೆ ಇಷ್ಟೇ. ನಾಯಿ ಕೋಲು ಬೀಳಿಸದೆ ಹಾರಬೇಕು, ಸುರಂಗದಲ್ಲಿ ತೂರಬೇಕು, ಕಂಬಗಳ ನಡುವೆ ಹಾವಿನ ಹಾಗೆ ನುಸುಳಬೇಕು, ಸೇತುವೆ ದಾಟಬೇಕು. ನೀನು ಪಕ್ಕದಲ್ಲಿ ಓಡುತ್ತ ದಾರಿ ತೋರಿಸಬೇಕು, ಮುಟ್ಟುವ ಹಾಗಿಲ್ಲ. ಚಿಟಿಕೆಗೆ ಕೈ ಬೀಸಿದರೆ ಸಾಕು. ಗೊಣಗನ ಜೊತೆ ಮಾತ್ರ ಬಾಯಿ ಮುಚ್ಚದೆ ಮಾತಾಡುತ್ತಲೇ ಇರು, ಅದು ನಿನಗೇನು ಕಷ್ಟವಲ್ಲ. ನನ್ನ ಬೀಗದ ಕೈ ಗೊಂಚಲು ಬಾಗಿಲ ಹಿಂದೆ ತೂಗುಹಾಕಿದೆ. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡು. ಆ ಸದ್ದು ಅವನಿಗೆ ಅಭ್ಯಾಸ.

ಆಗಾಗ ಪಂದ್ಯ ನಡೆಯುತ್ತದೆ. ಸಿಳ್ಳೆ ಮೇಷ್ಟ್ರನ್ನು ಕೇಳು, ನಮಗೆಲ್ಲ ಕಲಿಸಿದವರು ಅವರೇ. ಮನಸ್ಸಿದ್ದರೆ ಚಿಟಿಕೆಯನ್ನು ಕರೆದುಕೊಂಡು ಹೋಗು. ಗೊಣಗ ಬೇಡ. ಅವನು ಹಿತ್ತಲಲ್ಲಿ ಓಡಿಕೊಂಡಿರಲಿ. ಅವನು ಓಡುತ್ತಿದ್ದಾನೆ ಎಂದು ನೀನು ಬರೆದರೆ ನನಗೆ ಇಲ್ಲಿ ಊಟ ಸೇರುತ್ತದೆ.

ತಮ್ಮ


ಮೇ ೮

ತಮ್ಮಾ,

ನಿನಗೆ ನಗಬೇಕೆನಿಸಿದರೆ ಓದು. ಐವತ್ತು ವರ್ಷದ ಹೆಂಗಸು, ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು, "ಹಾರು ಕಂದ, ನುಗ್ಗು ಕಂದ" ಎಂದು ಬೆಳ್ಳಂಬೆಳಿಗ್ಗೆ ಕೂಗುತ್ತ ಓಡುತ್ತಾಳೆ. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಬೋನೆಟ್ ಎತ್ತಿದವನು ಅದನ್ನು ಇಳಿಸುವುದನ್ನೇ ಮರೆತು ನಿಂತ. "ಏನಮ್ಮಾ, ನಾಯಿ ನಿಮ್ಮನ್ನ ಓಡಿಸ್ತಿದೆಯಾ, ನೀವು ನಾಯಿನಾ?" ಎಂದ. "ನಮ್ಮಿಬ್ಬರನ್ನೂ ಮೇಲಿರೋನು ಓಡಿಸ್ತಿದ್ದಾನೆ, ನೀನು ಬೋಲ್ಟ್ ತಿರುಗಿಸಪ್ಪ" ಎಂದೆ.

ಚಿಟಿಕೆಯನ್ನು ಪಂದ್ಯಕ್ಕೆ ಕರೆದೊಯ್ದೆ. ಅಲ್ಲಿಯ ಜನರನ್ನು ನೋಡಿ ಮೊದಲು ಹೆದರಿದೆ. ಓಟಕ್ಕೆ ಮುಂಚೆ ದಾರಿ ಬಾಯಿಪಾಠ ಮಾಡಲು ಬಿಡುತ್ತಾರೆ. ಆಗ ನಾಯಿ ಇರುವುದಿಲ್ಲ. ದೊಡ್ಡ ದೊಡ್ಡ ಮನುಷ್ಯರು ಇಲ್ಲದ ನಾಯಿಗೆ ಕೈ ಬೀಸುತ್ತ, ಇಲ್ಲದ ನಾಯಿಗೆ ಶಹಬ್ಬಾಸ್ ಎನ್ನುತ್ತ ಸುತ್ತುತ್ತಾರೆ. ಬ್ಯಾಂಕಿನವನಂತೆ ಕಾಣುವ ಒಬ್ಬ ನನಗೆ ಡಿಕ್ಕಿ ಹೊಡೆದು, "ಸಾರಿ, ನನ್ನ ನಾಯಿ ಈ ಕಡೆ ಬರಬೇಕಿತ್ತು" ಎಂದ. ನಾಯಿ ಎಲ್ಲಿದೆ ಎಂದು ನಾನು ಸುತ್ತ ನೋಡಿದೆ! ನಮ್ಮ ಸರದಿಯಲ್ಲಿ ನಾನು ದಾರಿ ಮರೆತೆ, ಚಿಟಿಕೆ ತನಗೆ ತೋಚಿದ ಹಾಗೆ ಓಡಿ ಸುರಂಗದಲ್ಲಿ ಎರಡು ಸಲ ತೂರಿದಳು. ಹೊರಗೆ ಹಾಕಿದರು. ಆದರೂ ಬಹಳ ದಿನದ ಮೇಲೆ ನಕ್ಕೆ. ಮನೆಗೆ ಬಂದು ದೀಪ ಹಚ್ಚುವಾಗ, ನಕ್ಕಿದ್ದಕ್ಕೆ ಟೈಲರನ ಮಗಳ ನೆನಪಾಗಿ ನಾಚಿಕೆಯಾಯಿತು.

ಗೊಣಗನ ವಿಷಯ. ತಪ್ಪೇ ಮಾಡುವುದಿಲ್ಲ, ದಿನಾ ಅದೇ ಓಟ, ಗೆರೆ ಎಳೆದ ಹಾಗೆ. ಸೋಮಾರಿತನ ಮಾತ್ರ ಇದೆ. ಸೇತುವೆಯ ಮೇಲೆ ಎಡಗಡೆಯ ಗೋಡೆಗೆ ಮೈ ಒರೆಸಿಕೊಂಡೇ ನಡೆಯುತ್ತಾನೆ, ಅಲ್ಲಿ ಗೋಡೆಯ ಸುಣ್ಣವೇ ಸವೆದಿದೆ. ಮೊನ್ನೆ ನಾನು ಬಕೆಟ್ಟನ್ನು ನಡುವೆ ಮರೆತಿದ್ದೆ. ನೇರ ಹೋಗಿ ಅದಕ್ಕೆ ಗುದ್ದಿದ. "ಕಣ್ಣು ಎಲ್ಲಿಟ್ಕೊಂಡಿದ್ದೀಯೋ ದಡ್ಡ" ಎಂದು ಬೈದೆ. ಗೊಣಗಿಕೊಂಡು ಹೋಗಿ ಬಾಗಿಲ ಬಳಿ ಕೂತ. ನೀನು ಬರುವ ಹೊತ್ತಿಗೆ ಈಗಲೂ ಹಾಗೆ ಕೂರುತ್ತಾನೆ.

ಅಕ್ಕ


ಮೇ ೨೯

ಅಕ್ಕ,

ಇಲ್ಲದ ನಾಯಿಯನ್ನು ನೀನು ಹುಡುಕಿದ್ದನ್ನು ನನ್ನ ಕೋಣೆಯ ಮೂವರಿಗೂ ಓದಿ ಹೇಳಿದೆ. ಕಳ್ಳತನದ ಮೇಲೆ ಬಂದವನೊಬ್ಬನಿದ್ದಾನೆ, ನಕ್ಕು ನಕ್ಕು ಕೆಮ್ಮು ಬಂತು ಅವನಿಗೆ. "ನಿಮ್ಮಕ್ಕನ್ನ ಒಂದ್ಸಲ ನೋಡ್ಬೇಕಣ್ಣ" ಎನ್ನುತ್ತಾನೆ.

ಬಕೆಟ್ಟು ಗಿಕೆಟ್ಟು ದಾರಿಯಲ್ಲಿ ಇಡಬೇಡ. ದಯವಿಟ್ಟು. ಅವನನ್ನು ಬೈಯಲೂ ಬೇಡ.

ಸಿಳ್ಳೆ ಮೇಷ್ಟ್ರು ಗೊಣಗನನ್ನು ಪಂದ್ಯಕ್ಕೆ ತನ್ನಿ ಎಂದು ಒತ್ತಾಯ ಮಾಡುತ್ತಾರೆ, ಗೊತ್ತು. ಇಲ್ಲ ಎನ್ನು. ಕಾರಣ ಕೇಳಿದರೆ ನನ್ನ ಮೇಲೆ ಹಾಕು.

ತಮ್ಮ


ಜುಲೈ ೬

ತಮ್ಮಾ,

ಮಂಡಳಿಯ ದಿನ ಗೊತ್ತಾಯಿತು, ಸೆಪ್ಟೆಂಬರ್ ಇಪ್ಪತ್ತು. ಏನು ಮಾತಾಡಬೇಕೆಂದು ವಕೀಲರು ನನ್ನನ್ನು ಕೂರಿಸಿ ಹೇಳಿಕೊಟ್ಟರು. ಹೇಳಿಕೊಡುವುದೇನಿದೆ? ನಿಜ ಹೇಳಲು ಬಾಯಿಪಾಠ ಬೇಕೇ? ನೀನು ಚಿಕ್ಕವನಿದ್ದಾಗ ಸಕ್ಕರೆ ಕದ್ದರೂ ಬಾಯಿ ಒರೆಸಿಕೊಳ್ಳಲು ಬಾರದವನು ಎಂದು ಅವರಿಗೆ ಹೇಳಿದೆ.

ಟೈಲರನ ಹೆಂಡತಿ ನನ್ನ ಹಳೆಯ ಕೋಟಿನ ತೋಳು ಸರಿ ಮಾಡಿಕೊಟ್ಟಳು. ಅದನ್ನೇ ಹಾಕಿಕೊಂಡು ಮಂಡಳಿಯ ಮುಂದೆ ನಿಲ್ಲುತ್ತೇನೆ.

ನಿನಗೊಂದು ಸುದ್ದಿ ಇದೆ, ಈಗ ಹೇಳುವುದಿಲ್ಲ. ಕೋಪ ಮಾಡಿಕೊಳ್ಳಬೇಡ, ಆಮೇಲೆ ಖುಷಿಪಡುತ್ತೀಯ.

ಅಕ್ಕ


ಆಗಸ್ಟ್ ೪

ತಮ್ಮಾ,

ನಿನ್ನ ಮಾತು ಮೀರಿದೆ. ಗೊಣಗನನ್ನು ಪಂದ್ಯಕ್ಕೆ ಕರೆದುಕೊಂಡು ಹೋದೆ.

ತಪ್ಪಿಲ್ಲದ ಓಟ ಇನ್ನೊಂದು ಆದರೆ ಅವನಿಗೆ ಚಾಂಪಿಯನ್ ಪಟ್ಟ ಸಿಗುತ್ತದೆಂದು ಸಿಳ್ಳೆ ಮೇಷ್ಟ್ರು ಹೇಳಿದ್ದರು. ನೀನು ಬೇಡವೆಂದದ್ದು ನನ್ನ ಮೊಣಕಾಲಿನ ಮೇಲೆ ನಂಬಿಕೆ ಇಲ್ಲದೆ ಎಂದುಕೊಂಡೆ. ಗೆದ್ದ ನಾಯಿಗೆ ಕಟ್ಟುವ ರಿಬ್ಬನ್ನನ್ನು ಲಕೋಟೆಯಲ್ಲಿಟ್ಟು ಕಳಿಸಿದರೆ ನಿನಗೆ ಒಂದು ದಿನವಾದರೂ ಅಲ್ಲಿ ಬೆಳಕಾಗುತ್ತದೆಂದುಕೊಂಡೆ.

ಅದು ಒಳಾಂಗಣ. ಮೇಲೆಲ್ಲ ದೀಪ, ಮೈಕು, ನೂರಾರು ನಾಯಿಗಳ ಕೂಗು. ಸದ್ದು ಮಾಡುವುದೇನೂ ಮೈಮೇಲೆ ಇರಬಾರದೆಂದು ಬೀಗದ ಕೈ ಗೊಂಚಲನ್ನು ಬಾಗಿಲಲ್ಲೇ ತೆಗೆಸಿದರು. ಗೆರೆಯ ಬಳಿ ನಿಲ್ಲಿಸಿದಾಗ ಗೊಣಗ ಗೊಣಗಲಿಲ್ಲ. ನನ್ನ ಕಾಲಿಗೆ ಒರಗಿಕೊಂಡು ನಡುಗುತ್ತಿದ್ದ. ನಾನು ಕರೆದೆ, ಬಂದ. ಮೊದಲ ಕೋಲನ್ನು ಎದೆಯಿಂದ ಗುದ್ದಿ ಬೀಳಿಸಿದ. ಯಾರೋ ನಕ್ಕರು. ಎರಡನೆಯದರ ಪಕ್ಕದಲ್ಲೇ ಹಾದು ಹೋದ. ತಪ್ಪಾಯಿತೆಂದು ತೀರ್ಪುಗಾರ ಕೈ ಎತ್ತಿದ. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. "ಬಾ ಕಂದ, ಹತ್ತು ಕಂದ" ಎಂದು ಸೇತುವೆಯ ಕಡೆ ಕೂಗಿದೆ. ನನ್ನ ದನಿ ಹಿಡಿದು ಬಂದ, ಕಾಲಲ್ಲಿ ತಡಕಿ ಹಲಗೆ ಹುಡುಕಿಕೊಂಡ, ಹತ್ತಿದ. ಮೇಲಕ್ಕೆ ಹೋದವನು, ಮನೆಯಲ್ಲಿ ಗೋಡೆಗೆ ಒರಗುವ ಹಾಗೆಯೇ ಎಡಕ್ಕೆ ಒರಗಿದ.

ಅಲ್ಲಿ ಗೋಡೆ ಇರಲಿಲ್ಲ.

ಅವನು ಬಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಸಿಳ್ಳೆ ಮೇಷ್ಟ್ರು ತಮ್ಮ ಅಂಗಿ ಬಿಚ್ಚಿ ಸುತ್ತಿ ಎತ್ತಿಕೊಂಡರು. ಮುಂಗಾಲು ಭುಜದ ಹತ್ತಿರವೇ ಪುಡಿಯಾಗಿದೆ. ನಾಯಿ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಕಾಲು ನೋಡಿದ ಮೇಲೆ ಅವನ ಕಣ್ಣಿಗೆ ಬ್ಯಾಟರಿ ಹಿಡಿದರು. ಆ ಕಣ್ಣಿಗೆ, ಈ ಕಣ್ಣಿಗೆ, ಮತ್ತೆ ಆ ಕಣ್ಣಿಗೆ. "ಇವನಿಗೆ ಕಣ್ಣು ಕಾಣದೆ ಎಷ್ಟು ಕಾಲ ಆಯ್ತು?" ಎಂದರು.

"ಕಾಣ್ತದಲ್ಲ ಡಾಕ್ಟ್ರೇ, ಹಿತ್ತಲಲ್ಲಿ ಒಂದು ತಪ್ಪಿಲ್ಲದೆ ಓಡ್ತಾನೆ."

"ಜಾಗ ಬಾಯಿಪಾಠ ಆಗಿದೆ, ಅದಕ್ಕೆ. ಪೂರ್ತಿ ಹೋಗಿ ವರ್ಷದ ಮೇಲಾಗಿರಬೇಕು. ಇದು ಒಂದೇ ದಿನಕ್ಕೆ ಹೋಗೋದಲ್ಲಮ್ಮ, ನಿಧಾನ ಹೋಗೋದು. ಜೊತೇಲಿ ಓಡೋರಿಗೆ ಗೊತ್ತಾಗದೆ ಇರಲ್ಲ."

ನಾನು ಓಡಿಸಿದ್ದು ಕೆಲವು ತಿಂಗಳು. ನನಗೆ ನಾಯಿಯ ಗಂಧಗಾಳಿ ಇಲ್ಲ. ನೀನು ಅವನ ಜೊತೆ ಮರಿಯಿಂದ ಓಡಿದವನು. ಒಂದು ಗೇಣು ಜರುಗಿಸಬೇಡ ಎಂದು ಬರೆದವನು ನೀನು, ಮಾತಾಡುತ್ತಲೇ ಇರು ಎಂದವನೂ ನೀನು.

ನಿನಗೆ ಗೊತ್ತಿತ್ತೇ? ಬೇರೇನೂ ಬರೆಯಬೇಡ, ಇದೊಂದಕ್ಕೆ ಉತ್ತರ ಬರೆ.

ಅಕ್ಕ


ಆಗಸ್ಟ್ ೨೧

ಅಕ್ಕ,

ನಿನ್ನ ಕಾಗದ ಬಂತು.

ಅವನು ಮಲಗುವ ಗೋಣಿಯನ್ನು ಒಗೆಯಬೇಡ, ವಾಸನೆ ಹೋದರೆ ಜಾಗ ತಿಳಿಯುವುದಿಲ್ಲ. ನೀರಿನ ತಟ್ಟೆ ಬಾಗಿಲ ಬಲಗಡೆಯೇ ಇರಲಿ. ಮುಟ್ಟುವ ಮುಂಚೆ ಮಾತಾಡು, ಇಲ್ಲವಾದರೆ ಬೆಚ್ಚುತ್ತಾನೆ. ಮೆಟ್ಟಿಲ ಹತ್ತಿರ ಬಂದಾಗ ನಾಲಿಗೆಯಿಂದ ಟಕ್ ಎನ್ನಿಸು, ನಿಲ್ಲುತ್ತಾನೆ. ಎರಡು ಸಲ ಎನ್ನಿಸಿದರೆ ಇಳಿಯುತ್ತಾನೆ. ಚಿಟಿಕೆಯ ಕೊರಳಿಗೆ ಸಣ್ಣ ಗಂಟೆ ಕಟ್ಟು. ಹೊರಗೆ ಹೋಗುವಾಗ ಅವಳ ಹಿಂದೆ ಬರುತ್ತಾನೆ. ಹಾಗೆ ಕಲಿಸಿದ್ದೇನೆ.

ನೀನು ಕೇಳಿದ್ದಕ್ಕೆ ಏನು ಹೇಳಲಿ. ಚೆನ್ನಾಗೇ ಓಡ್ತಾ ಇದ್ದ ಅಕ್ಕ. ಹೇಳಿದರೆ ಹೊರಗೆ ಹಾಕುತ್ತಿದ್ದರು. ಓಟ ನಿಂತರೆ ಅವನು ಏನು ಮಾಡುತ್ತಿದ್ದ, ನಾನು ಏನು ಮಾಡುತ್ತಿದ್ದೆ? ಇವತ್ತು ನಡೆದೀತು, ನಾಳೆ ನಡೆದೀತು ಎಂದುಕೊಂಡು ಓಡಿಸಿದೆ. ಏನೂ ಆಗಿರಲಿಲ್ಲ.

ಇಪ್ಪತ್ತನೇ ತಾರೀಖು ಮರೆಯಬೇಡ. ನಾಯಿಯ ವಿಷಯ ಬೇರೆ, ಅದು ಬೇರೆ. ವಕೀಲರು ಹೇಳಿಕೊಟ್ಟಷ್ಟೇ ಹೇಳು.

ತಮ್ಮ


ಸೆಪ್ಟೆಂಬರ್ ೩

ತಮ್ಮಾ,

ಗೊಣಗನ ಕಾಲು ತೆಗೆದರು. ಬೇರೆ ದಾರಿ ಇರಲಿಲ್ಲ. ನೀನು ಹೇಳಿದ್ದೆಲ್ಲ ಮಾಡುತ್ತಿದ್ದೇನೆ. ನಾಲಿಗೆಯಿಂದ ಟಕ್ ಎನ್ನಿಸಿದರೆ ನಿಲ್ಲುತ್ತಾನೆ. ಎರಡು ಸಲ ಎನ್ನಿಸಿದರೆ ಇಳಿಯಲು ಹೋಗಿ, ಇಲ್ಲದ ಕಾಲನ್ನು ಮುಂದಿಟ್ಟು ಮುಗ್ಗರಿಸುತ್ತಾನೆ. ಅದಕ್ಕೆ ನಾನೇ ಎತ್ತಿಕೊಂಡು ಇಳಿಸುತ್ತೇನೆ. ಈಗ ಗೊಣಗುವುದನ್ನೂ ಬಿಟ್ಟಿದ್ದಾನೆ. ರೇಗಿಸಿ ನೋಡಿದೆ, ಊಟದ ತಟ್ಟೆ ಕಿತ್ತುಕೊಂಡು ನೋಡಿದೆ, ಸುಮ್ಮನೆ ಇದ್ದ.

ನಿನ್ನ ಕಾಗದವನ್ನು ಓದಿ ಮಡಿಸಿದೆ. ಇಸ್ತ್ರಿ ಮಾಡುತ್ತಿದ್ದಾಗ ತಟ್ಟನೆ ನೆನಪಾಯಿತು. ಠಾಣೆಯಲ್ಲಿ ಮೊದಲ ದಿನ ನಾನು ಕಂಬಿಯ ಈಚೆ ನಿಂತು ಕೇಳಿದಾಗ ನೀನು ಹೇಳಿದ್ದೂ ಇದೇ ಮಾತು. "ಗಾಡಿ ಚೆನ್ನಾಗೇ ಓಡ್ತಾ ಇತ್ತು ಅಕ್ಕ." ಅದು ನನ್ನ ಕಿವಿಗೆ "ಗೊತ್ತಿರಲಿಲ್ಲ" ಎಂದ ಹಾಗೆ ಕೇಳಿಸಿತ್ತು. ನೀನು ಹಾಗೆ ಹೇಳಿರಲಿಲ್ಲ. ಗೊತ್ತಿರಲಿಲ್ಲ ಎಂದು ನೀನು ಒಂದು ದಿನವೂ ಹೇಳಿಲ್ಲ. ಹೇಳಿದ್ದು ನಾನು. ಎಲ್ಲರ ಮುಂದೆ, ದೇವರ ಮುಂದೆ, ನಾನು. ಕೈಯಲ್ಲಿದ್ದ ಹಾಸು ಸುಟ್ಟು ಕಂದಾಯಿತು. ಮೇಲ್ವಿಚಾರಕಿ ಬಂದು, "ಏನಾಯ್ತು ನಿಮಗೆ?" ಎಂದು ಪೆಟ್ಟಿಗೆ ಕಸಿದುಕೊಂಡಳು.

ಬ್ರೇಕ್ ಕೆಟ್ಟಿದೆ ಎಂದರೆ ಬಸ್ಸನ್ನು ನಿಲ್ಲಿಸುತ್ತಿದ್ದರು. ನಿನ್ನನ್ನು ಮನೆಯಲ್ಲಿ ಕೂರಿಸುತ್ತಿದ್ದರು. ಇವತ್ತು ನಡೆದೀತು, ನಾಳೆ ನಡೆದೀತು ಎಂದುಕೊಂಡೆಯಾ? ನಾನು ಕೇಳುತ್ತಿಲ್ಲ. ಒಂದು ಸಲ ಕೇಳಿದ್ದೆ, ನೀನು ಗೋಣಿಯ ವಾಸನೆಯ ಬಗ್ಗೆ ಬರೆದೆ.

ನಿನ್ನೆ ಟೈಲರನ ಹೆಂಡತಿಯ ಅಂಗಡಿಗೆ ಹೋದೆ. ಯಾರದ್ದೋ ಮದುವೆಯ ಬಟ್ಟೆ ಕತ್ತರಿಸುತ್ತಿದ್ದಳು. ಬಾಗಿಲಲ್ಲೇ ನಿಂತು ಹೇಳಿದೆ. "ಆವತ್ತು ಆಣೆ ಇಟ್ಟು ಹೇಳಿದೆನಲ್ಲ, ಅದನ್ನ ವಾಪಸ್ ತಗೋತೀನಿ ತಾಯಿ. ಅವನಿಗೆ ಗೊತ್ತಿರ್ಲಿಲ್ಲ ಅಂತ ಹೇಳೋಕೆ ನನ್ನಿಂದ ಆಗಲ್ಲ."

ಅವಳು ಕತ್ತರಿ ಕೆಳಗಿಡಲಿಲ್ಲ. ಆ ಗೆರೆಯನ್ನು ಕೊನೆಯವರೆಗೂ ಕತ್ತರಿಸಿದಳು. ನನಗೆ ಎರಡು ಬೈಗುಳ ಬಿದ್ದರೆ ಸಾಕು, ಹಗುರಾಗಿ ಮನೆಗೆ ಹೋಗುತ್ತೇನೆಂದು ನಿಂತಿದ್ದೆ. ಅವಳು ಬೈಯಲಿಲ್ಲ. "ಯಾಕೆ ಬಂದ್ರಿ ಅಕ್ಕ ಇದನ್ನ ಹೇಳೋಕೆ?" ಎಂದಳು. "ಇಷ್ಟು ದಿನ ದೇವರು ಕೊಟ್ಟ, ದೇವರೇ ಕಿತ್ಕೊಂಡ ಅಂತ ಹೇಳ್ಕೊಂಡು ಹೇಗೋ ಕಣ್ಣು ಮುಚ್ತಿದ್ದೆ. ಇನ್ಮೇಲೆ ಏನಂತ ಹೇಳ್ಕೊಂಡು ಮಲಗ್ಲಿ? ನಿಮ್ಮ ಎದೆ ಮೇಲಿನ ಭಾರ ಇಳಿಸೋಕೆ ನನ್ನ ಅಂಗಡೀನೇ ಬೇಕಿತ್ತಾ?"

ನಾನು ಬಾಗಿಲು ಎಳೆದುಕೊಂಡು ಬಂದೆ. ನಿಜ ಹೇಳಿದರೆ ದೇವರು ಜೊತೆಗಿರುತ್ತಾನೆ ಎಂದು ಚಿಕ್ಕಂದಿನಿಂದ ನಂಬಿದವಳು. ಬೀದಿ ದಾಟುವಾಗ ನನ್ನ ಜೊತೆ ಯಾರೂ ಇರಲಿಲ್ಲ.

ಇಪ್ಪತ್ತನೇ ತಾರೀಖು ಬರುತ್ತೇನೆ. ನಿನ್ನ ವಿರುದ್ಧ ಮಾತಾಡಲು ಅಲ್ಲ. ಅವನನ್ನು ನಾನು ಬೆಳೆಸಿದೆ, ಅವನಿಗೆ ಬೆನ್ನುನೋವು ಇದೆ, ದಯೆ ತೋರಿಸಿ ಎಂದು ಕಾಲು ಹಿಡಿದಾದರೂ ಬೇಡುತ್ತೇನೆ. ಗೊತ್ತಿರಲಿಲ್ಲ ಎಂಬ ಮಾತು ಮಾತ್ರ ನನ್ನ ಬಾಯಿಂದ ಬರುವುದಿಲ್ಲ. ಆ ಮಾತಿಲ್ಲದಿದ್ದರೆ ಅರ್ಜಿ ನಿಲ್ಲುವುದಿಲ್ಲ ಎಂದು ವಕೀಲರು ಕೂಗಾಡಿದರು. "ಸ್ವಂತ ತಮ್ಮನ್ನ ನೀವೇ ಮುಳುಗಿಸ್ತೀರಾ?" ಎಂದರು.

ಊಟ ಬಿಡಬೇಡ.

ಅಕ್ಕ


ಸೆಪ್ಟೆಂಬರ್ ೧೪

ಅಕ್ಕ,

ನೀನು ಬರಬೇಡ. ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ವಕೀಲರು ಬಂದು ಬಹಳ ಹೊತ್ತು ಕೂತಿದ್ದರು. ಯಾಕೆ ಎಂದು ಕೇಳಿದರು, ನಾನು ಸಹಿ ಹಾಕಿ ಕಾಗದವನ್ನು ಅವರ ಕಡೆ ಸರಿಸಿದೆ. ಅವರು ಇನ್ನು ನಿನ್ನ ಹತ್ತಿರ ಬರುವುದಿಲ್ಲ.

ನಿನಗೆ ಬರೆಯಬೇಕೆಂದು ನಾಲ್ಕು ಸಲ ಕೂತೆ. ಆ ವಾರ ಬ್ರೇಕ್ ಪೆಡಲು ಹೇಗಿತ್ತು ಎಂದು ಶುರುಮಾಡಿ ನಿಲ್ಲಿಸಿದೆ. ನಿನಗೆ ತಿಳಿದಿದೆ.

ಒಂದು ಕೆಲಸ ಮಾಡು. ಟೈಲರನ ಹೆಂಡತಿಯನ್ನು ಮಾತ್ರ ಕೇಳಬೇಡ. ಸಿಳ್ಳೆ ಮೇಷ್ಟ್ರ ಮೊಮ್ಮಗಳು ಟೈಲರನ ಮಗಳಿದ್ದ ಶಾಲೆಗೇ ಹೋಗುತ್ತಾಳೆ, ಅವಳಿಗೆ ಗೊತ್ತಿರುತ್ತದೆ. ಆ ಮಗುವಿನ ಹೆಸರೇನು? ಕೋರ್ಟಿನಲ್ಲಿ ಓದಿ ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ.

ಅದೊಂದನ್ನು ಬರೆದು ಕಳಿಸು.

ನಿನ್ನ ತಮ್ಮ